ಮುಟ್ಟು ನಿಂತ ಮೇಲಿನ ಸ್ಕ್ಯಾನಿಂಗ್ ಕಾಗದ: ಅಂಜಬೇಕಾದುದೆಲ್ಲಿ, ಅಲಕ್ಷಿಸಬಾರದುದೆಲ್ಲಿ?

ಅಗಳಿಯಿಂದ ವೈದ್ಯರನ್ನು ಅರಸಿ ಹೊರಡುವ ದಾರಿ ಎರಡು ರಾಜ್ಯಗಳಿಗೆ ಕವಲೊಡೆಯುತ್ತದೆ. ಒಂದು ಮಡಕಶಿರಾ, ಹಿಂದೂಪುರಗಳ ಕಡೆಗೆ. ಇನ್ನೊಂದು ಗಡಿ ದಾಟಿ ಶಿರಾ, ತುಮಕೂರುಗಳ ಕಡೆಗೆ. ಅತ್ತ ರಾಯದುರ್ಗದ ನಮ್ಮವರಿಗೂ ಹೀಗೆಯೇ: ಒಂದು ಕಡೆ ಅನಂತಪುರ, ಇನ್ನೊಂದು ಕಡೆ ಬಳ್ಳಾರಿ. ಯಾವ ದಾರಿ ಹಿಡಿದರೂ ಮರಳುವಾಗ ಕೈಯಲ್ಲಿರುವ ಸ್ಕ್ಯಾನಿಂಗ್ ಕಾಗದ ಮಾತ್ರ ಇಂಗ್ಲಿಷಿನದು. ಮನೆಯ ಮಾತು ಕನ್ನಡ, ಕಚೇರಿಯ ಮಾತು ತೆಲುಗು, ರೋಗದ ಮಾತು ಇಂಗ್ಲಿಷು. ಈ ಮೂರರ ನಡುವೆ ನಮ್ಮ ತಾಯಂದಿರು ತಮ್ಮ ದೇಹದ ಸುದ್ದಿಯನ್ನು ತಾವೇ ತಿಳಿಯಲಾರದೆ ಉಳಿಯುತ್ತಾರೆ. “ಪೊರ ಮಂದಂಗಾ ಉಂದಿ” ಎಂದು ವೈದ್ಯರು ತೆಲುಗಿನಲ್ಲಿ ಹೇಳಿದುದು ಮನೆಗೆ ಬರುವಷ್ಟರಲ್ಲಿ “ಗಡ್ಡೆಯಿದೆಯಂತೆ” ಎಂದಾಗುತ್ತದೆ. ಗಡ್ಡೆಯೆಂದ ಮೇಲೆ ಕ್ಯಾನ್ಸರ್ ಎಂಬ ಮಾತು ತಾನಾಗಿಯೇ ಹಿಂಬಾಲಿಸುತ್ತದೆ.

ಹೊಟ್ಟೆನೋವಿಗೆಂದೋ ಮೂತ್ರದ ಉರಿಗೆಂದೋ ಸ್ಕ್ಯಾನಿಂಗ್ ಮಾಡಿಸಿಕೊಂಡ ಅರುವತ್ತು ವರ್ಷದ ಹೆಂಗಸಿನ ವರದಿಯಲ್ಲಿ ಗರ್ಭಕೋಶದ ವಿಷಯವಾಗಿ ಒಂದು ಸಂಖ್ಯೆ ಬಂದರೆ ಸಾಕು, ಮನೆಯವರ ನಿದ್ದೆ ಕೆಡುತ್ತದೆ. ಅದೇ ಮನೆಯಲ್ಲಿ, ಮುಟ್ಟು ನಿಂತು ಹತ್ತು ವರ್ಷವಾದ ಮೇಲೆ ಬಟ್ಟೆಗೆ ತಗುಲಿದ ರಕ್ತವನ್ನು ಯಾರಿಗೂ ಹೇಳದೆ ಒಗೆದು ಒಣಗಿಸಿಕೊಳ್ಳುವ ಹಿರಿಯರೂ ಇರುತ್ತಾರೆ. ಅಂಜಬೇಕಾಗಿಲ್ಲದ ಕಡೆ ಅಂಜಿಕೆ, ಅಂಜಬೇಕಾದ ಕಡೆ ಮೌನ. ಈ ಎರಡನ್ನೂ ಸರಿಪಡಿಸುವಷ್ಟು ತಿಳಿವಳಿಕೆ ಪ್ರತಿಯೊಂದು ಮನೆಯಲ್ಲಿಯೂ ಇರಬೇಕೆಂಬ ಆಶಯದಿಂದ ಈ ಲೇಖನವನ್ನು ವಾಚಕರ ಮುಂದಿಡುತ್ತಿದ್ದೇವೆ.

ಎಲ್ಲಕ್ಕೂ ಮೊದಲಿನ ಪ್ರಶ್ನೆ

ಸತತವಾಗಿ ಹನ್ನೆರಡು ತಿಂಗಳು ಮುಟ್ಟು ಕಾಣದಿದ್ದರೆ ಅದು ನಿಂತಿತೆಂದು ವೈದ್ಯಶಾಸ್ತ್ರ ಎಣಿಸುತ್ತದೆ. ನಮ್ಮ ದೇಶದ ಹೆಂಗಸರಲ್ಲಿ ಇದು ಸರಾಸರಿ 46-47ರ ವಯಸ್ಸಿನಲ್ಲಿ ಆಗುತ್ತದೆ. ಪಶ್ಚಿಮದ ದೇಶಗಳಲ್ಲಿ ಸುಮಾರು 51ರಲ್ಲಿ. ಮುಟ್ಟು ನಿಂತ ಬಳಿಕ ಅಂಡಾಶಯಗಳು ಈಸ್ಟ್ರೋಜನ್ ಎಂಬ ರಸವನ್ನು ಹೆಚ್ಚಾಗಿ ಸುರಿಸುವುದಿಲ್ಲ. ಆ ರಸದ ಬಲದಿಂದಲೇ ತಿಂಗಳು ತಿಂಗಳೂ ಬೆಳೆದು ಕಳಚಿ ಹೋಗುತ್ತಿದ್ದ ಗರ್ಭಕೋಶದ ಒಳಪದರ ಈಗ ತೆಳ್ಳಗಾಗುತ್ತದೆ. ಏಳೆಂಟು ಸೆಂಟಿಮೀಟರ್ ಉದ್ದವಿದ್ದ ಗರ್ಭಕೋಶವೂ ವರ್ಷಗಳು ಕಳೆದಂತೆ ಕುಗ್ಗುತ್ತದೆ. ಇದು ರೋಗವಲ್ಲ, ವಯೋಧರ್ಮ.

ಆದುದರಿಂದ ಈ ವಯಸ್ಸಿನವರ ಸ್ಕ್ಯಾನಿಂಗ್ ವರದಿಯನ್ನು ಓದುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಮುಟ್ಟು ನಿಂತ ಮೇಲೆ ಎಂದಾದರೂ ರಕ್ತ ಕಂಡಿದೆಯೆ? ಒಂದು ಹನಿಯಾಗಲಿ, ಕಂದುಬಣ್ಣದ ಕಲೆಯಾಗಲಿ, ಒಂದೇ ದಿನವಾಗಲಿ, ಕಂಡಿದ್ದರೆ ಕಂಡಂತೆಯೇ ಲೆಕ್ಕ. ಈ ಪ್ರಶ್ನೆಗೆ ಬರುವ ಉತ್ತರದಿಂದ ಅದೇ ಕಾಗದದ ಅದೇ ಸಂಖ್ಯೆಗೆ ಬೇರೆ ಬೇರೆ ಅರ್ಥ ಬರುತ್ತದೆ. ಯಂತ್ರಕ್ಕೆ ಈ ಉತ್ತರ ತಿಳಿಯದು, ಹೇಳಬೇಕಾದವಳು ತಾಯಿಯೇ.

ನಮ್ಮಲ್ಲಿ ಇದನ್ನು “ಮುಟ್ಟು ಮರಳಿತು” ಎಂದೋ “ಉಷ್ಣಕ್ಕೆ ಆದದ್ದು” ಎಂದೋ ಹೇಳಿ ಮುಗಿಸುವ ರೂಢಿಯಿದೆ. ನಿಂತ ಮುಟ್ಟು ವರ್ಷಗಳ ಮೇಲೆ ಮರಳುವುದಿಲ್ಲ. ಹಾಗೆ ಕಂಡ ರಕ್ತಕ್ಕೆ ಬೇರೊಂದು ಕಾರಣ ಇದ್ದೇ ಇರುತ್ತದೆ. ಅದು ಬಹುಮಟ್ಟಿಗೆ ನಿರಪಾಯವಾದುದೇ: ಒಣಗಿ ತೆಳ್ಳಗಾದ ಒಳಪದರ ಬಿರಿಯುವುದು, ಪಾಲಿಪ್ ಎಂಬ ಸಣ್ಣ ಮಾಂಸದ ಕುಡಿ ಬೆಳೆದಿರುವುದು, ಕೆಲವು ಔಷಧಗಳ ಪರಿಣಾಮ. ಆದರೆ ಹಲವು ದೇಶಗಳ ಅಧ್ಯಯನಗಳನ್ನು ಕೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಹೀಗೆ ರಕ್ತ ಕಂಡ ನೂರು ಮಂದಿಯಲ್ಲಿ ಸುಮಾರು 9 ಮಂದಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಇತ್ತು. ಇನ್ನೊಂದು ಕಡೆಯಿಂದ ನೋಡಿದರೆ, ಈ ಕ್ಯಾನ್ಸರ್ ಬಂದ ಹೆಂಗಸರಲ್ಲಿ ನೂರಕ್ಕೆ 90 ಮಂದಿಗೆ ರಕ್ತ ಕಂಡಿತ್ತು. ರೋಗ ತಾನಾಗಿಯೇ ಬಾಗಿಲು ಬಡಿದು ತಿಳಿಸುತ್ತದೆ ಎಂದ ಹಾಗಾಯಿತು. ಆ ಸದ್ದನ್ನು ನಾವು ಕೇಳಿಸಿಕೊಳ್ಳಬೇಕು.

ಕಿವಿಗೆ ಕೇಳದ ಧ್ವನಿ

ಸ್ಕ್ಯಾನಿಂಗ್ ಎಂದೊಡನೆ ಕ್ಷಕಿರಣದ ಹೆದರಿಕೆ ಬೇಡ. ಇಲ್ಲಿ ಬಳಸುವುದು ನಮ್ಮ ಕಿವಿಗೆ ನಿಲುಕದಷ್ಟು ಸೂಕ್ಷ್ಮವಾದ ಧ್ವನಿ. ಅದು ದೇಹದೊಳಕ್ಕೆ ಹೋಗಿ, ಅಲ್ಲಿನ ಅಂಗಗಳಿಗೆ ತಾಕಿ ಹಿಂದಿರುಗಿದಾಗ, ಆ ಮಾರ್ದನಿಯಿಂದ ಯಂತ್ರ ಚಿತ್ರವನ್ನು ಬರೆಯುತ್ತದೆ. ಲೋಹದಲ್ಲಿನ ಒಡಕುಗಳನ್ನು ಹುಡುಕಲು ಕಾರ್ಖಾನೆಗಳಲ್ಲಿ ಬಳಸುತ್ತಿದ್ದ ಈ ವಿಧಾನವನ್ನು ಸ್ತ್ರೀರೋಗಗಳಿಗೆ ತಂದವರು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವೈದ್ಯ ಇಯಾನ್ ಡೊನಾಲ್ಡ್. ಅವರು ಮತ್ತು ಅವರ ಸಂಗಡಿಗರು 1958ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು. ಆ ಮೊದಲ ದಿನಗಳ ಒಂದು ಪ್ರಸಂಗ ಗಮನಾರ್ಹವಾದುದು. ಹೊಟ್ಟೆಯಲ್ಲಿ ಕ್ಯಾನ್ಸರ್ ಬಲಿತಿದೆ, ಇನ್ನು ಉಪಾಯವಿಲ್ಲ ಎಂದು ಕೈಬಿಟ್ಟಿದ್ದ ಹೆಂಗಸೊಬ್ಬಳಲ್ಲಿ ಈ ಯಂತ್ರ ತೋರಿಸಿದ್ದು ಅಂಡಾಶಯದ ದೊಡ್ಡದೊಂದು ನೀರುಚೀಲವನ್ನು. ಅದನ್ನು ತೆಗೆದ ಮೇಲೆ ಆಕೆ ಗುಣಹೊಂದಿದಳು. ಯಾವುದು ನಿಜವಾದ ಅಪಾಯ, ಯಾವುದು ಅಲ್ಲ ಎಂದು ಬೇರ್ಪಡಿಸಿ ತೋರಿದ್ದೇ ಈ ಯಂತ್ರದ ಮೊದಲ ಉಪಕಾರ.

ಗರ್ಭಕೋಶವನ್ನು ಎರಡು ಬಗೆಯಲ್ಲಿ ನೋಡುತ್ತಾರೆ. ನೀರು ಕುಡಿಸಿ, ಮೂತ್ರಕೋಶ ತುಂಬಿದ ಮೇಲೆ ಹೊಟ್ಟೆಯ ಮೇಲಿನಿಂದ ನೋಡುವುದು ಒಂದು. ಮೂತ್ರ ವಿಸರ್ಜಿಸಿ ಬಂದ ಮೇಲೆ, ಬೆರಳಿಗಿಂತ ತುಸು ದಪ್ಪನಾದ ಉಪಕರಣವನ್ನು ಯೋನಿಯ ಮೂಲಕ ಇರಿಸಿ ನೋಡುವುದು ಇನ್ನೊಂದು. ಎರಡನೆಯದರಲ್ಲಿ ಗರ್ಭಕೋಶ ಹತ್ತಿರದಲ್ಲೇ ಸಿಗುವುದರಿಂದ ಒಳಪದರದ ದಪ್ಪವನ್ನು ನಿಖರವಾಗಿ ಅಳೆಯಬಹುದು. ನಮ್ಮ ಹಿರಿಯ ಹೆಂಗಸರು ಇದಕ್ಕೆ ಸಂಕೋಚಪಡುವುದು ಸಹಜವೇ. ಏನು ಮಾಡುತ್ತಾರೆಂಬುದನ್ನು ಮೊದಲೇ ತಿಳಿಸಿ, ಒಪ್ಪಿಗೆ ಕೇಳಿ ಮಾಡಬೇಕಾದ ಪರೀಕ್ಷೆ ಇದು. ಹೆಂಗಸೊಬ್ಬರು ಜೊತೆಗಿರಲಿ ಎಂದು ಕೇಳುವ ಹಕ್ಕು ಅವರಿಗಿದೆ. ಕೆಲವೇ ನಿಮಿಷಗಳ ಕೆಲಸ. ಹೆಚ್ಚಿನವರಿಗೆ ತುಸು ಮುಜುಗರವಲ್ಲದೆ ನೋವಿರುವುದಿಲ್ಲ. ಬೇಡವೆಂದವರಿಗೆ ಹೊಟ್ಟೆಯ ಮೇಲಿನಿಂದಲೇ ನೋಡಬಹುದು, ಆದರೆ ಆ ಅಳತೆ ಅಷ್ಟು ಸ್ಪಷ್ಟವಾಗಿರದು.

ರಕ್ತ ಕಂಡಿದ್ದವರಲ್ಲಿ

ರಕ್ತ ಕಂಡ ಹೆಂಗಸಿನ ಒಳಪದರ 4 ಮಿಲಿಮೀಟರ್ ಅಥವಾ ಅದಕ್ಕಿಂತ ತೆಳ್ಳಗಿದ್ದರೆ ಕ್ಯಾನ್ಸರ್ ಇರುವ ಸಂಭವ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. 4 ಮಿಲಿಮೀಟರ್ ಎಂದರೆ ಮೂರು ರಾಗಿಕಾಳುಗಳನ್ನು ಸಾಲಾಗಿ ಒತ್ತಿಟ್ಟಷ್ಟು. ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಸಂಸ್ಥೆ 2018ರಲ್ಲಿ ನೀಡಿದ ಸಲಹೆಯಲ್ಲಿ ಇದೇ ಗಡಿಯನ್ನು ಇಟ್ಟುಕೊಂಡಿದೆ. ಇಂಥವರಿಗೆ ಕೂಡಲೇ ಹೆಚ್ಚಿನ ಪರೀಕ್ಷೆ ಬೇಕಾಗಲಿಕ್ಕಿಲ್ಲ. ಆದರೆ ಮತ್ತೆ ರಕ್ತ ಕಂಡರೆ “ಹೋದ ಸಲ ಸ್ಕ್ಯಾನಿಂಗ್ ಚೆನ್ನಾಗಿಯೇ ಇತ್ತಲ್ಲ” ಎಂದು ಸುಮ್ಮನಿರಬಾರದು. ಅಪರೂಪದ ಕೆಲವು ಕ್ಯಾನ್ಸರುಗಳು ತೆಳುವಾದ ಪದರದಲ್ಲಿಯೂ ಹುಟ್ಟುತ್ತವೆ; ರಕ್ತ ಮರುಕಳಿಸಿದರೆ ಪರೀಕ್ಷೆಯೂ ಮುಂದುವರಿಯಬೇಕು.

ಪದರ 4 ಮಿಲಿಮೀಟರಿಗಿಂತ ದಪ್ಪವಿದ್ದರೆ, ಅಥವಾ ಗಡ್ಡೆಗಳ ಅಡ್ಡಿಯಿಂದ ಪದರವೇ ಸರಿಯಾಗಿ ಕಾಣದಿದ್ದರೆ, ಅದರ ಒಂದು ಚೂರನ್ನು ತೆಗೆದು ಪರೀಕ್ಷಿಸಬೇಕು. ಇದೇ ಬಯಾಪ್ಸಿ. ಬಹುಮಟ್ಟಿಗೆ ತೆಳುವಾದ ಕೊಳವೆಯೊಂದರಿಂದ ಹೊರರೋಗಿಗಳ ವಿಭಾಗದಲ್ಲಿಯೇ ಇದನ್ನು ಮಾಡಿ ಅಂದೇ ಮನೆಗೆ ಕಳುಹಿಸುತ್ತಾರೆ. ಸಾಲದೆಂದು ಕಂಡರೆ ಸಣ್ಣ ದುರ್ಬೀನಿನಿಂದ ಗರ್ಭಕೋಶದ ಒಳಗನ್ನು ನೋಡಿಯೇ ಚೂರು ತೆಗೆಯುತ್ತಾರೆ. ರಕ್ತ ಕಂಡವರಿಗೆ ಸ್ಕ್ಯಾನಿಂಗಿಗೂ ಮೊದಲೇ ಬಯಾಪ್ಸಿ ಹೇಳಿದರೆ ಅದೂ ಸರಿಯಾದ ಕ್ರಮವೇ. ಪದರ ದಪ್ಪವಾಗಿದೆ ಎಂಬುದಷ್ಟೇ ಕ್ಯಾನ್ಸರಿನ ತೀರ್ಪಾಗದು. ಆ ತೀರ್ಪು ಸೂಕ್ಷ್ಮದರ್ಶಕದ ಕೆಳಗೆ ಮಾತ್ರ ಹೊರಬರುತ್ತದೆ.

ಇಲ್ಲಿ ಮರೆಯಬಾರದ ಇನ್ನೊಂದು ಮಾತಿದೆ. ರಕ್ತ ಬಂದದ್ದು ಗರ್ಭಕೋಶದ ಕೊರಳಿನಿಂದಲೂ ಇರಬಹುದು. ನಮ್ಮ ದೇಶದ ಹೆಂಗಸರಲ್ಲಿ ಸ್ತನದ ಕ್ಯಾನ್ಸರನ್ನು ಬಿಟ್ಟರೆ ಅತಿ ಹೆಚ್ಚಿನದು ಈ ಕೊರಳಿನ ಕ್ಯಾನ್ಸರೇ. 2022ರ ಒಂದು ವರ್ಷದಲ್ಲಿ ಸುಮಾರು 1 ಲಕ್ಷ 27 ಸಾವಿರ ಮಂದಿಗೆ ಅದು ಬಂತೆಂದು ಅಂತಾರಾಷ್ಟ್ರೀಯ ಅಂದಾಜು ಹೇಳುತ್ತದೆ. ಮೊದಲ ಹಂತದಲ್ಲಿ ಇದು ಸ್ಕ್ಯಾನಿಂಗಿನಲ್ಲಿ ಕಾಣುವುದಿಲ್ಲ. ಆದುದರಿಂದ ವೈದ್ಯರು ಕಣ್ಣಾರೆ ಕೊರಳನ್ನು ನೋಡದೆ, ಸ್ಕ್ಯಾನಿಂಗ್ ಕಾಗದವನ್ನಷ್ಟೇ ನೋಡಿ “ಏನೂ ಇಲ್ಲ” ಎಂದರೆ ಆ ಪರೀಕ್ಷೆ ಅರ್ಧವಾದಂತೆ. ರಕ್ತ ಕಾಣದವರಿಗೂ, 30ರಿಂದ 65ರ ವಯಸ್ಸಿನವರೆಗೆ ಐದು ವರ್ಷಕ್ಕೊಮ್ಮೆ ಕೊರಳಿನ ತಪಾಸಣೆ ನಡೆಸುವುದು ಸರ್ಕಾರದ ಕಾರ್ಯಕ್ರಮದಲ್ಲಿದೆ. ಕೊರಳಿಗೆ ಅಸೆಟಿಕ್ ಆಮ್ಲದ ತೆಳು ದ್ರಾವಣವನ್ನು ಸವರಿ ಬಣ್ಣ ಬದಲಾಗುವುದನ್ನು ನೋಡುವ ಸರಳ ವಿಧಾನ ಅದು.

ರಕ್ತವಿಲ್ಲ, ಆದರೆ ಪದರ ದಪ್ಪ

ನಮ್ಮ ಮನೆಗಳಲ್ಲಿ ಹೆಚ್ಚು ಗೊಂದಲ ಹುಟ್ಟುವುದು ಇಲ್ಲಿಯೇ. ಬೇರೆ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿಂಗಿನಲ್ಲಿ ಒಳಪದರ 6 ಅಥವಾ 7 ಮಿಲಿಮೀಟರ್ ಎಂದು ಬರುತ್ತದೆ. ಎಲ್ಲಿಯೋ 4 ಎಂಬ ಸಂಖ್ಯೆಯನ್ನು ಕೇಳಿದವರು ಕಂಗಾಲಾಗುತ್ತಾರೆ. ಆದರೆ 4ರ ಗಡಿ ರಕ್ತ ಕಂಡವರಿಗಾಗಿ ಹಾಕಿದ್ದು. ಕಾಣದವರಿಗೆ ಅದನ್ನು ಅನ್ವಯಿಸಲಾಗದು. ರಕ್ತ ಕಾಣದಿರುವಾಗ ಪದರ 4 ಮಿಲಿಮೀಟರಿಗಿಂತ ದಪ್ಪವಿದೆ ಎಂಬ ಒಂದೇ ಕಾರಣಕ್ಕೆ ಎಲ್ಲರಿಗೂ ಬಯಾಪ್ಸಿ ಮಾಡಬೇಕಾಗಿಲ್ಲವೆಂದು ಮೇಲೆ ಹೇಳಿದ 2018ರ ಸಲಹೆಯೇ ಸ್ಪಷ್ಟಪಡಿಸಿದೆ.

ಹಾಗಾದರೆ ಇವರಿಗೆ ಗಡಿ ಯಾವುದು? 2004ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿ 11 ಮಿಲಿಮೀಟರ್ ಎಂಬ ಅಳತೆಯನ್ನು ಸೂಚಿಸಿದರು. ರಕ್ತ ಕಾಣದ ಹೆಂಗಸಿನಲ್ಲಿ ಪದರ ಅದಕ್ಕಿಂತ ದಪ್ಪವಿದ್ದರೆ ಕ್ಯಾನ್ಸರಿನ ಸಂಭವ ನೂರಕ್ಕೆ ಸುಮಾರು 7; ಅದಕ್ಕಿಂತ ಕಡಿಮೆಯಿದ್ದರೆ ಸಂಭವ ತೀರ ಅಲ್ಪ. ಆದರೂ ಸಂಖ್ಯೆಯೊಂದನ್ನೇ ನೆಚ್ಚಬಾರದು. ಪದರದಲ್ಲಿ ಏರುಪೇರು ಇದೆಯೆ, ರಕ್ತನಾಳಗಳು ಹೆಚ್ಚಾಗಿ ಕಾಣುತ್ತಿವೆಯೆ ಎಂಬುದನ್ನು ನೋಡಬೇಕು. ಆ ಹೆಂಗಸಿನ ಮೈಸ್ಥಿತಿಯನ್ನೂ ನೋಡಬೇಕು: ಬೊಜ್ಜು, ಸಕ್ಕರೆ ಕಾಯಿಲೆ, ಮಕ್ಕಳಾಗದಿರುವುದು, ತಡವಾಗಿ ಮುಟ್ಟು ನಿಂತಿರುವುದು, ಮನೆತನದಲ್ಲಿ ಕರುಳಿನ ಅಥವಾ ಗರ್ಭಕೋಶದ ಕ್ಯಾನ್ಸರ್ ಬಂದಿರುವುದು ಇವು ಅಪಾಯವನ್ನು ಹೆಚ್ಚಿಸುತ್ತವೆ. ದೇಹದ ಕೊಬ್ಬು ಮುಟ್ಟು ನಿಂತ ಮೇಲೂ ಈಸ್ಟ್ರೋಜನ್ ತಯಾರಿಸುತ್ತಲೇ ಇರುವುದರಿಂದ ಬೊಜ್ಜಿಗೂ ಈ ರೋಗಕ್ಕೂ ನಂಟು. ಸ್ತನದ ಕ್ಯಾನ್ಸರಿಗಾಗಿ ಟ್ಯಾಮಾಕ್ಸಿಫೆನ್ ಗುಳಿಗೆ ನುಂಗುತ್ತಿರುವವರಲ್ಲಿ ಪದರ ದಪ್ಪವಾಗಿ ಕಾಣುವುದು ಸಾಮಾನ್ಯ. ಅವರಲ್ಲಿ ಅಳತೆಗಿಂತ ರಕ್ತ ಕಂಡಿತೆ ಎಂಬುದೇ ಮುಖ್ಯ, ಕಂಡರೆ ತಡಮಾಡದೆ ಬಯಾಪ್ಸಿ ಆಗಬೇಕು.

ಕಾಗದದಲ್ಲಿನ ಇತರ ಮಾತುಗಳು

ಫೈಬ್ರಾಯ್ಡ್ ಎಂದು ಬರೆದಿದ್ದರೆ ಅದು ಗರ್ಭಕೋಶದ ಸ್ನಾಯುವಿನಲ್ಲಿ ಬೆಳೆದ ನಾರುಗಡ್ಡೆ. ಗಡ್ಡೆಯೆಂಬ ಹೆಸರಿದ್ದರೂ ಕ್ಯಾನ್ಸರ್ ಅಲ್ಲ. ಮುಟ್ಟು ನಿಂತ ಮೇಲೆ ಇವು ಸಾಮಾನ್ಯವಾಗಿ ಕುಗ್ಗುತ್ತವೆ. ತೊಂದರೆ ಕೊಡದಿದ್ದರೆ ಮುಟ್ಟಬೇಕಾಗಿಲ್ಲ. ಈ ವಯಸ್ಸಿನಲ್ಲಿ ಕುಗ್ಗುವ ಬದಲು ಬೆಳೆಯುತ್ತಿದ್ದರೆ ಮಾತ್ರ ತಜ್ಞರು ನೋಡಬೇಕು.

ಪಾಲಿಪ್ ಎಂದಿದ್ದು ರಕ್ತವೂ ಕಂಡಿದ್ದರೆ ಅದನ್ನು ತೆಗೆದು ಪರೀಕ್ಷೆಗೆ ಕಳುಹಿಸುವುದು ವಾಡಿಕೆ. ರಕ್ತವಿಲ್ಲದಿದ್ದರೆ ಅದರ ಗಾತ್ರ, ಹೆಂಗಸಿನ ಆರೋಗ್ಯ ಎರಡನ್ನೂ ತೂಗಿ ನಿರ್ಧರಿಸುತ್ತಾರೆ. ಪಾಲಿಪ್ ತೆಗೆಯಲು ಗರ್ಭಕೋಶವನ್ನೇ ತೆಗೆಯಬೇಕಾಗಿಲ್ಲ.

ಗರ್ಭಕೋಶದೊಳಗೆ ಸ್ವಲ್ಪ ನೀರಿದೆ ಎಂದಿದ್ದರೆ, ಕೊರಳು ವಯಸ್ಸಿನಿಂದ ಕಿರಿದಾಗಿ ನೀರು ನಿಂತಿರಬಹುದು. ಸುತ್ತಲಿನ ಪದರ ತೆಳ್ಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಪದರ ದಪ್ಪವಿದ್ದರೆ, ಜ್ವರ ಅಥವಾ ಕೀವಿನ ಲಕ್ಷಣವಿದ್ದರೆ ಪರೀಕ್ಷೆ ಬೇಕು. ಅಂಡಾಶಯದಲ್ಲಿ ಸಿಂಪಲ್ ಸಿಸ್ಟ್ ಎಂದರೆ ಬರಿಯ ನೀರು ತುಂಬಿದ ಚೀಲ. ಅದು 5 ಸೆಂಟಿಮೀಟರಿಗಿಂತ ಚಿಕ್ಕದಿದ್ದು ಸಿಎ-125 ಎಂಬ ರಕ್ತಪರೀಕ್ಷೆಯೂ ಸರಿಯಿದ್ದರೆ, ನಾಲ್ಕಾರು ತಿಂಗಳು ಬಿಟ್ಟು ಮತ್ತೊಮ್ಮೆ ಸ್ಕ್ಯಾನಿಂಗ್ ಮಾಡಿ ನೋಡುವುದೇ ರೂಢಿ. ಅನೇಕ ಚೀಲಗಳು ತಾವಾಗಿಯೇ ಮಾಯವಾಗುತ್ತವೆ. ಒಳಗೆ ಗಟ್ಟಿಯಾದ ಭಾಗವಿದೆ ಎಂದಿದ್ದರೆ ತಡಮಾಡಬಾರದು.

ತೆಗೆಸಿಬಿಡುವ ಅವಸರ

“ಮಕ್ಕಳಾದವು, ಮುಟ್ಟು ನಿಂತಿತು, ಇನ್ನೇಕೆ ಅದು? ತೆಗೆಸಿಬಿಟ್ಟರೆ ನಿಶ್ಚಿಂತೆ” ಎಂಬ ಮಾತನ್ನು ನಾವು ಹಳ್ಳಿಹಳ್ಳಿಯಲ್ಲಿ ಕೇಳುತ್ತೇವೆ. ಈ ಮಾತಿಗೆ ನಮ್ಮ ರಾಜ್ಯ ದೊಡ್ಡ ಬೆಲೆ ತೆತ್ತಿದೆ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 15ರಿಂದ 49 ವರ್ಷದ ಹೆಂಗಸರಲ್ಲಿ ಗರ್ಭಕೋಶ ತೆಗೆಸಿಕೊಂಡವರು ದೇಶದಲ್ಲಿ ನೂರಕ್ಕೆ ಸುಮಾರು 3 ಇದ್ದರೆ, ಆಂಧ್ರಪ್ರದೇಶದಲ್ಲಿ ಸುಮಾರು 9 ಇದ್ದರು. ಮುಟ್ಟು ನಿಲ್ಲುವ ವಯಸ್ಸಿಗೆ ಇನ್ನೂ ಬಾರದವರೇ ಇವರಲ್ಲಿ ಬಹಳ ಮಂದಿ.

ಗಡಿಯಾಚೆಯೂ ಕಥೆ ಭಿನ್ನವಲ್ಲ. ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಂಗಸರೂ ದಲಿತ ಹೆಂಗಸರೂ ಹೊಟ್ಟೆನೋವು, ಬಿಳಿಸೆರಗು ಎಂದು ಖಾಸಗಿ ಆಸ್ಪತ್ರೆಗಳಿಗೆ ಹೋದಾಗ, ಸ್ಕ್ಯಾನಿಂಗ್ ಮಾಡಿ, ಕ್ಯಾನ್ಸರಿನ ಭಯ ಹುಟ್ಟಿಸಿ ಗರ್ಭಕೋಶ ತೆಗೆದ ಸಂಗತಿ 2015ರ ಸುಮಾರಿಗೆ ಬಯಲಿಗೆ ಬಂತು. ಸರ್ಕಾರ ವಿಚಾರಣೆ ನಡೆಸಿತು. 2017ರ ಫೆಬ್ರವರಿಯಲ್ಲಿ ನೊಂದ ಹೆಂಗಸರು ಕಲಬುರಗಿಯಲ್ಲಿ ಬೀದಿಗಿಳಿದು ನ್ಯಾಯ ಕೇಳಿದರು. ರಾಜಸ್ಥಾನ, ಬಿಹಾರ, ಛತ್ತೀಸಗಢಗಳ ಇಂಥವೇ ಪ್ರಕರಣಗಳನ್ನು ಹಿಡಿದು ಡಾ. ನರೇಂದ್ರ ಗುಪ್ತಾ ಅವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಸಿದ್ಧಪಡಿಸಿದ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ನ್ಯಾಯಾಲಯ 2023ರ ಏಪ್ರಿಲ್ 5ರಂದು ಆದೇಶಿಸಿತು. ಈ ಶಸ್ತ್ರಚಿಕಿತ್ಸೆಗಳ ಮೇಲೆ ಕಣ್ಣಿಡಲು ಜಿಲ್ಲೆ, ರಾಜ್ಯ, ರಾಷ್ಟ್ರದ ಮಟ್ಟದಲ್ಲಿ ಸಮಿತಿಗಳಿರಬೇಕೆಂಬುದು ಆ ಮಾರ್ಗಸೂಚಿಯ ಒಂದು ಅಂಶ.

ಗರ್ಭಕೋಶ ತೆಗೆಯುವುದು ಸಣ್ಣ ಕೆಲಸವಲ್ಲ. ರಕ್ತ ಹೋಗಬಹುದು, ಮೂತ್ರನಾಳಕ್ಕೆ ಪೆಟ್ಟಾಗಬಹುದು. ಸಕ್ಕರೆ ಕಾಯಿಲೆಯವರಿಗೆ ಗಾಯ ಮಾಗುವುದು ನಿಧಾನ. ಆದರೆ ಬಯಾಪ್ಸಿಯಲ್ಲಿ ಕ್ಯಾನ್ಸರ್ ಖಚಿತವಾದರೆ ಹಿಂಜರಿಯಲೂಬಾರದು. ಆಗ ಇದೇ ಶಸ್ತ್ರಚಿಕಿತ್ಸೆ ಪ್ರಾಣ ಉಳಿಸುವ ಚಿಕಿತ್ಸೆಯಾಗುತ್ತದೆ. ರೋಗ ಗರ್ಭಕೋಶದೊಳಗೇ ಇರುವಾಗ ಚಿಕಿತ್ಸೆ ಪಡೆದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಐದು ವರ್ಷಗಳ ಬಳಿಕವೂ ಬದುಕಿರುತ್ತಾರೆಂದು ಮುಂದುವರಿದ ದೇಶಗಳ ದಾಖಲೆಗಳು ಹೇಳುತ್ತವೆ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯಂಥ ಕ್ಯಾನ್ಸರ್ ಆಸ್ಪತ್ರೆ ನಮಗೆ ದೂರವೇನೂ ಅಲ್ಲ. ಅಲ್ಲಿ ಮಾತಿನ ತೊಡಕೂ ಇಲ್ಲ. ಆದರೆ ಆಂಧ್ರದ ಆರೋಗ್ಯ ಕಾರ್ಡು ಗಡಿಯಾಚೆ ಯಾವ ಆಸ್ಪತ್ರೆಯಲ್ಲಿ ಯಾವ ಚಿಕಿತ್ಸೆಗೆ ನಡೆಯುತ್ತದೆಂಬುದನ್ನು ಹೊರಡುವ ಮೊದಲೇ ವಿಚಾರಿಸಿಕೊಳ್ಳುವುದು ಲೇಸು.

ವೈದ್ಯರ ಮುಂದೆ ಕುಳಿತಾಗ

ಹೋಗುವಾಗ ಹಳೆಯ ವರದಿಗಳೆಲ್ಲವೂ ಜೊತೆಗಿರಲಿ. ಕೊನೆಯ ಮುಟ್ಟು ಯಾವ ವರ್ಷ ಆಯಿತು, ಆಮೇಲೆ ಎಂದೆಂದು ರಕ್ತ ಕಂಡಿತು, ಯಾವ ಯಾವ ಗುಳಿಗೆ ನುಂಗುತ್ತಿದ್ದಾರೆ ಎಂಬುದನ್ನು ಕನ್ನಡದಲ್ಲಿಯೇ ಒಂದು ಚೀಟಿಯಲ್ಲಿ ಬರೆದುಕೊಂಡರೆ ಒಳ್ಳೆಯದು. ನಾಟಿ ಔಷಧವನ್ನೂ ಮುಚ್ಚಿಡಬಾರದು. ಅಲ್ಲಿ ಕೇಳಬೇಕಾದ ಪ್ರಶ್ನೆಗಳು ಇವು:

1. ಒಳಪದರ ಎಷ್ಟು ಮಿಲಿಮೀಟರ್ ಇದೆ? ಅಳೆದದ್ದು ಹೊಟ್ಟೆಯ ಮೇಲಿನಿಂದಲೋ ಒಳಗಿನಿಂದಲೋ?

2. ಇವರಿಗೆ ರಕ್ತ ಕಂಡಿದೆ, ಅಥವಾ ಕಂಡಿಲ್ಲ; ಹಾಗಿರುವಾಗ ಈ ಅಳತೆಗೆ ಅರ್ಥವೇನು?

3. ಗರ್ಭಕೋಶದ ಕೊರಳನ್ನು ನೋಡಿದ್ದೀರಾ?

4. ಬಯಾಪ್ಸಿ ಬೇಕೆ? ಬೇಡವಾದರೆ ಮತ್ತೆ ಯಾವಾಗ ತೋರಿಸಬೇಕು?

5. ಗರ್ಭಕೋಶ ತೆಗೆಯಬೇಕೆಂದರೆ ಏತಕ್ಕೆ? ಅದಕ್ಕೆ ಮೊದಲು ಬಯಾಪ್ಸಿಯ ವರದಿ ಬಂದಿದೆಯೆ?

ಕೊನೆಯ ಪ್ರಶ್ನೆಗೆ ತೃಪ್ತಿಕರವಾದ ಉತ್ತರ ಬಾರದಿದ್ದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದು ಅವಮರ್ಯಾದೆಯೇನಲ್ಲ. ಮುಟ್ಟು ನಿಂತವರಲ್ಲಿ ಒಂದು ಸ್ಕ್ಯಾನಿಂಗ್ ಸಂಖ್ಯೆಗಾಗಿ ಆ ದಿನವೇ ಶಸ್ತ್ರಚಿಕಿತ್ಸೆ ಮಾಡಬೇಕಾದ ಪ್ರಸಂಗ ಬಲು ವಿರಳ. ವರದಿಯನ್ನು ಇನ್ನೊಂದು ಕಡೆ ತೋರಿಸಿಕೊಂಡು ಬರುವಷ್ಟು ಕಾಲ ಇದ್ದೇ ಇರುತ್ತದೆ.

ಸ್ವತಃ ವೈದ್ಯರಾಗಿದ್ದ ಡಾ. ಅನುಪಮಾ ನಿರಂಜನ ಅವರಂಥವರು ಹೆಂಗಸರ ದೇಹದ ವಿಷಯವನ್ನು ನಾಚಿಕೆಯಿಲ್ಲದೆ, ಅಸಭ್ಯತೆಯಿಲ್ಲದೆ ಕನ್ನಡದಲ್ಲಿ ಬರೆದು ತೋರಿಸಿದರು. ಆ ಮಾತು ಇನ್ನು ನಮ್ಮ ಮನೆಗಳೊಳಗೂ ನಡೆಯಬೇಕು. ಅತ್ತೆಯನ್ನು ಸೊಸೆ ಕೇಳಲಿ, ತಾಯಿಯನ್ನು ಮಗಳು ಕೇಳಲಿ: “ಅಮ್ಮಾ, ನಿಂತ ಮೇಲೆ ಯಾವಾಗಲಾದರೂ ಕಂಡಿತ್ತೇ?” ಕಂಡಿತ್ತು ಎಂದರೆ ಆ ವಾರವೇ ಆಸ್ಪತ್ರೆಗೆ ಕರೆದೊಯ್ಯಬೇಕು. ಇಲ್ಲವೆಂದರೆ ಕಾಗದದಲ್ಲಿನ ಸಂಖ್ಯೆಯನ್ನು ನೆಮ್ಮದಿಯಿಂದ ವೈದ್ಯರ ಮುಂದಿಟ್ಟು ವಿಚಾರಿಸಬಹುದು.